ವೆಂಡೆಲ್‌ಗೆ ಸ್ಪೆಷಲ್ ಪ್ಲಾನ್ ಸಿಕ್ಕಿದ್ದು

ನಮ್ಮೂರು ಸ್ಟೋನ್ ಫೆರಿಯಲ್ಲಿ ಅಕ್ಟೋಬರ್ ಬಂತೆಂದರೆ ಮರಗಳು ಎಲೆ ಉದುರಿಸಲು ಶುರುಮಾಡುತ್ತವೆ, ಅರವತ್ತೈದು ದಾಟಿದವರು ಮೆಡಿಕೇರ್ ವಿಷಯದಲ್ಲಿ ಸುಳ್ಳು ಹೇಳಲು ಶುರುಮಾಡುತ್ತಾರೆ. ಎಲೆ ಉದುರುವುದು ನಿಂತ ಮೇಲೂ ಸುಳ್ಳು ನಿಲ್ಲುವುದಿಲ್ಲ. ಡಿಸೆಂಬರ್ ಮೊದಲ ವಾರದವರೆಗೆ ಸಾಗುತ್ತದೆ, ಯಾಕೆಂದರೆ ಮುಂದಿನ ವರ್ಷದ ಪ್ಲಾನ್ ಆರಿಸಿಕೊಳ್ಳಲು ಇರುವ ಗಡುವು ಅದು.

ಸುಳ್ಳು ದೊಡ್ಡದೇನಲ್ಲ. "ನನಗೆಲ್ಲಾ ಅರ್ಥವಾಗಿದೆ" ಅನ್ನುವುದು, ಅಷ್ಟೇ. ವಯಸ್ಸಾದವರಿಗೆ ಸರ್ಕಾರದ ಆರೋಗ್ಯವಿಮೆ ಮೆಡಿಕೇರ್ ಇದೆ, ಸರಿ. ಅದರ ಬದಲು ಖಾಸಗಿ ಕಂಪನಿಯ ಪ್ಲಾನ್ ತೆಗೆದುಕೊಳ್ಳಬಹುದು, ಅದೂ ಸರಿ. ಆದರೆ ನಮ್ಮ ವಿಸ್ಕಾನ್ಸಿನ್ನಿನಲ್ಲಿ ಅಂಥ ಪ್ಲಾನುಗಳು ಸೊಳ್ಳೆಗಳಿಗಿಂತ ಸ್ವಲ್ಪ ಕಡಿಮೆ ಇವೆ. ಒಂದು ಪ್ಲಾನು ಹಲ್ಲು ಕಟ್ಟಿಸಿಕೊಡುತ್ತದೆ, ಇನ್ನೊಂದು ಕನ್ನಡಕ ಕೊಡುತ್ತದೆ, ಮತ್ತೊಂದು ಎಂಬತ್ತು ವರ್ಷದವನನ್ನು ಬಿಟ್ಟಿಯಾಗಿ ವ್ಯಾಯಾಮಶಾಲೆಗೆ ಕಳಿಸುತ್ತದೆ. ಒಂದೊಂದಕ್ಕೂ ಅದರದೇ ಡಾಕ್ಟರುಗಳು, ಅದರದೇ ಆಸ್ಪತ್ರೆಗಳು. ಪಕ್ಕದ ಕೌಂಟಿಯಲ್ಲಿ, ಅಂದರೆ ಪಕ್ಕದ ಜಿಲ್ಲೆಯಲ್ಲಿ, ಸಿಗುವುದು ನಮ್ಮಲ್ಲಿ ಸಿಗುವುದಿಲ್ಲ. ಬದುಕಿಡೀ ಶಾಲೆಯ ಬಸ್ಸು ಓಡಿಸಿದ ನನ್ನಂಥವನಿಗೆ ಇದೆಲ್ಲ ಹೇಗೆ ತಲೆಗೆ ಹತ್ತಬೇಕು? ನಾನು ಯಾರಾದರೂ ಕೇಳಿದರೆ ಗಂಭೀರವಾಗಿ ತಲೆಯಾಡಿಸಿ, "ಜಾಲ ನೋಡ್ಕೋಬೇಕು, ಜಾಲ ಮುಖ್ಯ" ಅನ್ನುತ್ತಿದ್ದೆ. ಜಾಲ ಎಂದರೇನೆಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಕೇಳಿದರೆ ಅವರಿಗೂ ಗೊತ್ತಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ!

ನನ್ನ ಪಕ್ಕದ ಮನೆಯ ವೆಂಡೆಲ್ ಕ್ರಾಟ್‌ಕ್ರೇಮರ್ ಮಾತ್ರ ಈ ಸುಳ್ಳನ್ನೂ ಹೇಳಬೇಕಾಗಿರಲಿಲ್ಲ. ಅವನ ಪಾಲಿನ ಮೆಡಿಕೇರ್ ಎಂದರೆ ಅವನ ಹೆಂಡತಿ ಆರ್ಡಿತ್. ಪ್ರತಿವರ್ಷ ಅವಳೇ ಅಡುಗೆಮನೆಯ ಮೇಜಿನ ಮೇಲೆ ಪುಸ್ತಕಗಳನ್ನು ಹರಡಿಕೊಂಡು, ಕಣ್ಣುಜ್ಜಿಕೊಳ್ಳುತ್ತಾ ಎಲ್ಲ ಓದಿ, ಇಬ್ಬರಿಗೂ ಸರ್ಕಾರದ ಮೆಡಿಕೇರನ್ನೇ ಉಳಿಸಿ, ಅದರ ಜೊತೆಗೆ ಬೇಕಾದ ಪೂರಕ ವಿಮೆಯನ್ನೂ ನೋಡಿಕೊಳ್ಳುತ್ತಿದ್ದಳು. ವೆಂಡೆಲ್ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಬೀಳ್ಕೊಡುಗೆಯ ದಿನ ಮ್ಯಾನೇಜರು ಮೈಕ್ ಹಿಡಿದು, "ವೆಂಡೆಲ್ ಒಬ್ಬ ವ್ಯಕ್ತಿಯಲ್ಲ, ಒಂದು ಸಂಸ್ಥೆ" ಎಂದುಬಿಟ್ಟಿದ್ದ. ಅಂಥ ಸಭೆಗಳಲ್ಲಿ ಎಲ್ಲರ ಬಗ್ಗೆಯೂ ಹೇಳುವ ಮಾತು ಅದು. ಆದರೆ ಅದನ್ನು ನಿಜವೆಂದು ನಂಬಿದವನು ಇವನೊಬ್ಬನೇ.

ಆ ಶುಕ್ರವಾರ ಸಂಜೆ ಎಂದಿನಂತೆ ಹುರಿದ ಮೀನು ತಿನ್ನಲು ಸಪ್ಪರ್ ಕ್ಲಬ್ಬಿನಲ್ಲಿ ಸೇರಿದ್ದೆವು. ರೋಲಂಡ್ ಪಿಸಾರೆಕ್ ಎದುರು ಕೂತು ಎಲ್ಲದಕ್ಕೂ ನಗುತ್ತಿದ್ದ. ಉಪ್ಪಿನ ಡಬ್ಬಿ ಕೊಡು ಅಂದರೂ ನಗು. ಎಲೆಕೋಸಿನ ಸಲಾಡ್ ಬಂದರೂ ನಗು. ಯಾಕೆಂದರೆ ಬಾಯಿತುಂಬ ಹೊಸ ಹಲ್ಲು.

"ಪ್ಲಾನ್ ಕೊಟ್ಟದ್ದು ಕಣ್ರೋ!" ಎಂದ ರೋಲಂಡ್. "ಖಾಸಗಿ ಪ್ಲಾನು. ಹೋದ ವರ್ಷ ಸೇರ್ಕೊಂಡೆ. ಹಲ್ಲು, ಕನ್ನಡಕ, ಜೊತೆಗೆ ಈಜುಕೊಳ. ಎಲ್ಲಾ ಓದಿ, ತೂಗಿ ನೋಡಿ ತಗೊಂಡದ್ದು. ನೀನೇನು ಮಾಡ್ತೀಯೋ ವೆಂಡೆಲ್? ಮನೆಗೆ ಹೋಗಿ ಆರ್ಡಿತ್‌ನ ಕೇಳಿ ಬರ್ತೀಯಾ?"

ಮೇಜು ಹೋ ಎಂದು ನಕ್ಕಿತು. ಪಾದ್ರಿ ಲಿಂಡ್‌ಕ್ವಿಸ್ಟ್ ಕೂಡ ಕರವಸ್ತ್ರದ ಹಿಂದೆ ನಕ್ಕರು. ವೆಂಡೆಲ್ ಕೈಯಲ್ಲಿದ್ದ ಮೀನಿನ ತುಂಡನ್ನು ತಟ್ಟೆಗೆ ಇಳಿಸಿದ.

"ನಿನ್ನದು ದಾರೀಲಿ ಹೋಗೋರಿಗೆಲ್ಲ ಕೊಡೋ ಪ್ಲಾನು, ರೋಲಂಡ್. ನಾನು ನೋಡ್ತಿರೋದು ಬೇರೆ ಥರದ್ದು."

"ಯಾವ ಥರದ್ದು?"

"ಸಿಕ್ಕಾಗ ಹೇಳ್ತೀನಿ."

ಹೀಗೆ ಹೇಳಿಬಿಟ್ಟ ಮೇಲೆ ಏನಾದರೂ ಸಿಗಲೇಬೇಕಲ್ಲ! ಸೋಮವಾರ ನಾನು ಅವನ ಏಣಿ ವಾಪಸು ಕೊಡಲು ಹೋದಾಗ ಆರ್ಡಿತ್ ಚರ್ಚಿಗೆ ಹೊದಿಕೆ ಹೊಲಿಯಲು ಹೋಗಿದ್ದಳು. ವೆಂಡೆಲ್ ಟಿವಿಯಲ್ಲಿ ಕಂಡ ನಂಬರಿಗೆ ಫೋನ್ ಮಾಡಿ, ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿ ಕೂತಿದ್ದ. ನನಗೆ ಕೈಸನ್ನೆ ಮಾಡಿ ಕೂರಿಸಿದ. ಹಾಗಾಗಿ ಈ ಅನಾಹುತಕ್ಕೆ ನಾನೊಬ್ಬನೇ ಸಾಕ್ಷಿ.

ಆ ಕಡೆಯಿಂದ ಒಬ್ಬ ತರುಣ ಜೇನಿನಂಥ ದನಿಯಲ್ಲಿ ಕೇಳುತ್ತಿದ್ದ. "ಸರ್, ನೀವು ಈಗ ಸಂಸ್ಥೆಯಲ್ಲಿದ್ದೀರಾ?"

ವೆಂಡೆಲ್ ನನ್ನ ಕಡೆ ತಿರುಗಿದ. ಅವನ ಮುಖ ಅರಳಿತು. ನೋಡಿದೆಯಾ, ಅಲ್ಲಿಯವರೆಗೂ ಸುದ್ದಿ ಹೋಗಿದೆ ಎನ್ನುವ ಹಾಗೆ.

"ಸಂಸ್ಥೇನಾ? ಊರಿನವರು ಹಾಗಂತಾರಪ್ಪ. ನಾನಾಗಿ ಹೇಳ್ಕೊಳ್ಳೋದು ಚೆನ್ನಾಗಿರಲ್ಲ."

"ಅಂದ್ರೆ ಹೌದು ಅಂತ ಬರ್ಕೊಳ್ಳಲಾ ಸರ್?"

"ಬರ್ಕೋ, ಬರ್ಕೋ."

"ಎಷ್ಟು ಕಾಲದಿಂದ?"

"ರಿಟೈರ್ ಆದ ದಿನದಿಂದ."

"ಅಯ್ಯೋ, ಬಹಳ ದಿನ ಆಯ್ತು ಸರ್," ಎಂದ ತರುಣ ನಿಜವಾದ ಮರುಕದಿಂದ. "ಊಟ, ಬಟ್ಟೆ, ಔಷಧಿ, ಇವಕ್ಕೆಲ್ಲ ಯಾರಾದರೂ ಸಹಾಯ ಮಾಡ್ತಾರಾ?"

"ಸಹಾಯ ಏನು ಬಂತು, ಎಲ್ಲಾ ಅವಳೇ ಮಾಡೋದು! ನನಗೆ ಮಾತ್ರೆ ಯಾವುದು ಅಂತಾನೂ ಗೊತ್ತಿಲ್ಲ. ಅಂಗೈಯಲ್ಲಿಡ್ತಾಳೆ, ನುಂಗ್ತೀನಿ. ಷರ್ಟು ಮಂಚದ ಮೇಲಿಡ್ತಾಳೆ, ಹಾಕ್ಕೋತೀನಿ."

"ನಿಮ್ಮನ್ನ ನೋಡಿಕೊಳ್ಳೋರು ಒಳ್ಳೆಯವರು ಅನ್ಸುತ್ತೆ."

"ಸ್ವಲ್ಪ ಬೈತಾಳೆ. ಆದರೆ ಒಳ್ಳೆಯವಳು."

ಫೋನಿನಲ್ಲಿ ಕೀಲಿಮಣೆ ಟಕಟಕ ಎಂದಿತು. ಆಮೇಲೆ ತರುಣ ಹೇಳಿದ: "ಸರ್, ನಿಮ್ಮಂಥವರಿಗೆ ಅಂತಲೇ ಒಂದು ಪ್ಲಾನ್ ಇದೆ. ಸಿಲ್ವರ್ ಪೆಲಿಕನ್ ಸ್ಪೆಷಲ್. ಇದು ಎಲ್ಲರಿಗೂ ಕೊಡೋದಲ್ಲ. ಅರ್ಹತೆ ಇರಬೇಕು. ನಮ್ಮ ನರ್ಸ್ ನಿಮ್ಮ ಹತ್ತಿರವೇ ಬಂದು ನೋಡಿ ಖಚಿತ ಮಾಡ್ತಾರೆ."

'ಎಲ್ಲರಿಗೂ ಕೊಡೋದಲ್ಲ' ಎಂಬ ಮಾತು ಕಿವಿಗೆ ಬಿದ್ದ ಮೇಲೆ ವೆಂಡೆಲ್‌ಗೆ ಬೇರೇನೂ ಕೇಳಿಸಲಿಲ್ಲ. ಹೂಂ, ಹೂಂ, ಒಪ್ಪಿಗೆ, ಒಪ್ಪಿಗೆ ಎಂದು ಹೇಳಿ ಫೋನಿಟ್ಟ. "ಆರ್ಡಿತ್‌ಗೆ ಹೇಳ್ಬೇಡ. ಕ್ರಿಸ್ಮಸ್ ದಿನ ನಾನೇ ಹೇಳ್ತೀನಿ," ಎಂದ. ನಾನು ಏನೆನ್ನಲಿ? ಗಂಭೀರವಾಗಿ ತಲೆಯಾಡಿಸಿ, "ಜಾಲ ನೋಡ್ಕೊಂಡ್ಯಾ?" ಎಂದೆ. "ನೋಡ್ಕೊಂಡೆ," ಎಂದ.

ಪ್ಲಾನಿನ ಕಾರ್ಡು ಬಂದ ವಾರ ಸಪ್ಪರ್ ಕ್ಲಬ್ಬಿನಲ್ಲಿ ಅವನು ಅದನ್ನು ರೋಲಂಡನ ತಟ್ಟೆಯ ಪಕ್ಕದಲ್ಲಿ ಇಸ್ಪೀಟಿನ ರಾಜನ ಹಾಗೆ ಬಡಿದಿಟ್ಟ.

"ಸ್ಪೆಷಲ್! ಕೆಲವರಿಗೆ ಮಾತ್ರ. ನಾನು ಯಾರ ಹತ್ತಿರಾನೂ ಹೋಗ್ಬೇಕಾಗಿಲ್ಲ, ನರ್ಸೇ ಮನೆಗೆ ಬರ್ತಾಳೆ. ಈಗ ನಗು ನೋಡೋಣ."

ರೋಲಂಡ್ ಕಾರ್ಡು ಎತ್ತಿಕೊಂಡು ಓದಿದ. ನಗಲಿಲ್ಲ. ಕಾರ್ಡನ್ನು ಮೆತ್ತಗೆ, ಗಾಜಿನದೇನೋ ಎಂಬಂತೆ ಕೆಳಗಿಟ್ಟ. ಅವನ ಅತ್ತೆ ಕೊನೆಯ ದಿನಗಳಲ್ಲಿ ವೃದ್ಧರ ಆರೈಕೆಮನೆಯಲ್ಲಿದ್ದಾಗ ಆಕೆಗಿದ್ದದ್ದು ಇದೇ ಪೆಲಿಕನ್ನು, ಇದೇ ಸ್ಪೆಷಲ್ಲು. ಅದು ಆಗ ನಮಗಾರಿಗೂ ಗೊತ್ತಿರಲಿಲ್ಲ.

"ವೆಂಡೆಲ್..." ಎಂದ. "ಇದು ಯಾವಾಗ ಗೊತ್ತಾಯ್ತು?"

"ಹೋದ ತಿಂಗಳು. ಯಾರಿಗೂ ಹೇಳಿರಲಿಲ್ಲ."

"ಆರ್ಡಿತ್‌ಗೆ?"

"ಅವಳಿಗೆ ಕ್ರಿಸ್ಮಸ್‌ಗೆ ಹೇಳ್ತೀನಿ."

"ದೇವರೇ," ಎಂದ ರೋಲಂಡ್. ಆ ರಾತ್ರಿ ವೆಂಡೆಲ್‌ನ ಊಟದ ಬಿಲ್ಲು ಅವನೇ ಕೊಟ್ಟ. ರೋಲಂಡ್ ಬೇರೆಯವರ ಬಿಲ್ಲು ಕೊಟ್ಟದ್ದನ್ನು ಸ್ಟೋನ್ ಫೆರಿಯಲ್ಲಿ ಕಂಡವರಿಲ್ಲ. ಪರಿಚಾರಿಕೆ ಹಣವನ್ನು ಬೆಳಕಿಗೆ ಹಿಡಿದು ನೋಡಿದಳು.

ರೋಲಂಡ್ ನಮ್ಮನ್ನು ಬಿಟ್ಟು ಊರಿಗೆಲ್ಲ ಏನೋ ಹೇಳಿರಬೇಕು, ಮರುದಿನದಿಂದ ಊರೇ ಬದಲಾಯಿತು. ಕ್ಷೌರದಂಗಡಿಯಲ್ಲಿ ವೆಂಡೆಲ್‌ಗೆ ಸರದಿ ಬಿಟ್ಟುಕೊಟ್ಟರು. ಹಾರ್ಡ್‌ವೇರ್ ಅಂಗಡಿಯವನು ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಡಲೇ ಇಲ್ಲ. ಚೆಂಡು ಉರುಳಿಸಿ ಗೂಟ ಬೀಳಿಸುವ ಆಟದ, ಅವನ ಬೌಲಿಂಗ್ ತಂಡದವರು ಅವನ ಹೆಸರಿನ ಅಂಗಿಯನ್ನು ಗೋಡೆಗೆ ತೂಗುಹಾಕಿ, ಇನ್ನು ಮುಂದೆ ಆ ಅಂಗಿ ಯಾರೂ ಹಾಕುವುದಿಲ್ಲ ಎಂದು ಘೋಷಿಸಿದರು. "ನಾನೇನು ಹಾಕ್ಕೊಂಡು ಆಡ್ಲಿ?" ಎಂದು ವೆಂಡೆಲ್ ಕೇಳಿದ್ದಕ್ಕೆ ಒಬ್ಬ ದೊಡ್ಡ ಆಳು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದ.

"ನೋಡಿದ್ಯಾ ಪ್ಲಾನಿನ ಮಹಿಮೆ?" ಎಂದ ವೆಂಡೆಲ್ ನನಗೆ. "ಒಂದು ಸಲ ಸ್ಪೆಷಲ್ ಅನ್ನಿಸ್ಕೊಂಡ್ರೆ ಜನ ಕೊಡೋ ಗೌರವಾನೇ ಬೇರೆ."

ಗೌರವದಲ್ಲಿ ಮೊದಲ ಬಿರುಕು ಬಿಟ್ಟದ್ದು ರೋಲಂಡ್ ಅವನ ಅಂಗಳದಲ್ಲಿ ಟೋಪಿ ಹಿಡಿದು ನಿಂತಾಗ. ವೆಂಡೆಲ್‌ನ ಬಳಿ ಮಂಜುಗಟ್ಟಿದ ಸರೋವರದ ಮೇಲೆ ಎಳೆದೊಯ್ದು ನಿಲ್ಲಿಸಿ ಒಳಗೆ ಕೂತು ಮೀನು ಹಿಡಿಯುವ ಮರದ ಗುಡಿಸಲೊಂದಿದೆ. ಒಳಗೆ ಒಲೆ, ಕುರ್ಚಿ, ರೇಡಿಯೋ. ಅವನಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಪ್ರೀತಿಯ ಜಾಗ.

"ಆ ಗುಡಿಸಲು... ನನಗೆ ಕೊಟ್ಟರೆ ನಾನು ಚೆನ್ನಾಗಿ ನೋಡ್ಕೋತೀನಿ," ಎಂದ ರೋಲಂಡ್.

"ನಿಂಗ್ಯಾಕೋ ಕೊಡ್ಲಿ?"

"ನೀನು ಹೋಗೋ ಕಡೆ ಅದನ್ನ ತಗೊಂಡು ಹೋಗೋಕಾಗಲ್ಲ ಅಲ್ವಾ?"

"ನಾನೆಲ್ಲಿಗೆ ಹೋಗ್ತೀನಿ?"

ರೋಲಂಡ್ ಮುಂದೆ ಬಂದ. ಅವನನ್ನು ತಬ್ಬಿಕೊಂಡ. ಇಬ್ಬರೂ ಬಾಲ್ಯದಿಂದ ಜೊತೆಗಿದ್ದವರು, ಒಬ್ಬರನ್ನೊಬ್ಬರು ತಬ್ಬಿದವರಲ್ಲ. ವೆಂಡೆಲ್ ಕಂಬದ ಹಾಗೆ ನಿಂತೇ ಇದ್ದ, ರೋಲಂಡ್ ಹೋದ ಮೇಲೂ.

ಆ ಕಸಿವಿಸಿ ಕಳೆಯಲು, ಜೊತೆಗೆ ಹೊಸ ಕಾರ್ಡನ್ನು ಇನ್ನೊಬ್ಬರಿಗೆ ತೋರಿಸಲು, ಅವನು ನನ್ನನ್ನು ಕರೆದುಕೊಂಡು ತನ್ನ ಡಾಕ್ಟರರ ಕ್ಲಿನಿಕ್ಕಿಗೆ ಹೋದ. ಮೇಜಿನ ಹಿಂದೆ ಕೂತ ಬರ್ನೀಸ್ ಅವನನ್ನು ಬಹಳ ವರ್ಷದಿಂದ ಬಲ್ಲವಳು. ಕಾರ್ಡು ತೆಗೆದುಕೊಂಡು ಕಂಪ್ಯೂಟರಿನಲ್ಲಿ ಏನೋ ನೋಡಿದಳು. ಮತ್ತೆ ನೋಡಿದಳು. ಕನ್ನಡಕ ತೆಗೆದಳು.

"ವೆಂಡೆಲ್, ಜನವರಿಯಿಂದ ನಿಮ್ಮನ್ನ ನಮ್ಮ ಡಾಕ್ಟರು ನೋಡೋ ಹಾಗಿಲ್ಲ."

"ಯಾಕೆ?"

"ನೀವು ಅಲ್ಲಿರ್ತೀರಲ್ಲ. ಅಲ್ಲಿ ನಿಮ್ಮನ್ನ ನೋಡ್ಕೊಳ್ಳೋರು ಬೇರೆ ಇರ್ತಾರೆ."

"ಅಲ್ಲಿ ಅಂದ್ರೆ ಎಲ್ಲಿ?"

ಬರ್ನೀಸ್‌ಗೆ ಆ ಪದ ಬಾಯಿಂದ ಹೊರಡಲಿಲ್ಲ. ಕಣ್ಣು ತುಂಬಿ ಬಂದಿತು, ಅದನ್ನು ತಡೆಯಲು ಮುಖ ಮೇಲೆತ್ತಿದಳು. ವೆಂಡೆಲ್ ಅವಳ ದೃಷ್ಟಿ ಹೋದ ಕಡೆ ನೋಡಿದ. ಮೇಲೆ ಚಾವಣಿ. ಅದರಾಚೆ ಇರುವುದು ಒಂದೇ.

"ಡಾಕ್ಟರಿಗೂ ಗೊತ್ತಾ?" ಎಂದ ಪಿಸುಮಾತಿನಲ್ಲಿ.

"ಈ ಊರಲ್ಲಿ ಗೊತ್ತಿಲ್ಲದೋರು ಯಾರಿದಾರೆ?"

ಕಾರಿನಲ್ಲಿ ಕೂತಾಗ ಅವನ ಮುಖ ಹಿಟ್ಟಿನಂತಾಗಿತ್ತು. "ನಾನು ಸಾಯ್ತಾ ಇದೀನಿ," ಎಂದ. "ಜನವರೀಲಿ. ಎಲ್ಲರಿಗೂ ಗೊತ್ತು, ನನಗೊಬ್ಬನಿಗೆ ಹೇಳಿಲ್ಲ. ಅದಕ್ಕೇ ಬಿಲ್ಲು ಕೊಟ್ಟ, ಅಂಗಿ ತೂಗುಹಾಕಿದ್ರು... ನಿಂಗೂ ಗೊತ್ತಿತ್ತೇನೋ?"

"ಇಲ್ಲ ಮಾರಾಯ! ನಿಂಗೆ ಎಲ್ಲಾದ್ರೂ ನೋವಿದೆಯಾ?"

"ಇಲ್ಲ. ಅದೇ ಭಯ. ನೋವೇ ಗೊತ್ತಾಗ್ತಿಲ್ಲ ಅಂದ್ರೆ ಎಷ್ಟು ಮುಂದುವರಿದಿರಬೇಕು!"

ಇತ್ತ ಅದೇ ಹೊತ್ತಿಗೆ ಪಾದ್ರಿ ಲಿಂಡ್‌ಕ್ವಿಸ್ಟ್ ಅವನ ಮನೆಯ ಬಾಗಿಲಲ್ಲಿ ನಿಂತು ಆರ್ಡಿತ್‌ಗೆ ಸಮಾಧಾನ ಹೇಳುತ್ತಿದ್ದರು. ಎರಡು ದಿನದಿಂದ, ದುಃಖದ ಮನೆಗೆ ನಮ್ಮೂರಿನವರು ಕಳಿಸುವ ಹಾಗೆ, ಬಿಸಿ ಅಡುಗೆ ಬರುತ್ತಲೇ ಇತ್ತು. ನೂಡಲ್ಸ್ ಹಾಕಿದ್ದು, ಆಲೂಗಡ್ಡೆ ಹಾಕಿದ್ದು, ಮೇಲೆ ಚೀಸ್ ಸುರಿದದ್ದು. ಆರ್ಡಿತ್ ಇದು ಚರ್ಚಿನ ಯಾವುದೋ ಹೊಸ ಪದ್ಧತಿ ಇರಬೇಕೆಂದುಕೊಂಡು ತಾನೂ ಒಂದು ಮಾಡಿ ಪಕ್ಕದ ಬೀದಿಗೆ ಕೊಟ್ಟುಬಂದಿದ್ದಳು.

"ಆರೈಕೆಮನೆಗೆ ಕಳಿಸೋದು ಸೋಲಲ್ಲಮ್ಮ, ಅದೂ ಒಂದು ಪ್ರೀತಿಯೇ," ಎಂದರು ಪಾದ್ರಿ.

"ಯಾರನ್ನ?"

"ವೆಂಡೆಲ್‌ನ. ಅವನೇ ಎಲ್ಲಾ ಏರ್ಪಾಡು ಮಾಡ್ಕೊಂಡಿದಾನಂತೆ. ನಿನಗೆ ಕ್ರಿಸ್ಮಸ್‌ಗೆ ಹೇಳ್ಬೇಕು ಅಂತಿದ್ದ... ಅಯ್ಯೋ ನನ್ನ ಬಾಯಿ!"

ನಾವು ಹಿಂದಿರುಗಿದಾಗ ಆರ್ಡಿತ್ ಅಡುಗೆಮನೆಯ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕೂತಿದ್ದಳು. ಅವಳ ಅಕ್ಕ ಕೊರಿನ್ ಆಗಲೇ ಬಂದು, ವೆಂಡೆಲ್‌ನ ಮೆತ್ತನೆಯ ದೊಡ್ಡ ಕುರ್ಚಿಯನ್ನು ಆಕ್ರಮಿಸಿಕೊಂಡು, ಅದು ತನ್ನ ಮನೆಯ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ಮನಸ್ಸಿನಲ್ಲೇ ಅಳೆಯುತ್ತಿದ್ದಳು.

"ನೀನು ಹೋಗ್ತೀಯಂತೆ," ಎಂದಳು ಆರ್ಡಿತ್.

ವೆಂಡೆಲ್ ಟೋಪಿ ತೆಗೆದ. "ನಿನಗೂ ಹೇಳಿಬಿಟ್ರಾ?"

"ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಹೇಳಿದ್ರು. ಎಷ್ಟು ದಿನದಿಂದ ಇದು ನಿನ್ನ ತಲೇಲಿತ್ತು?"

"ತಲೇಲಾ?" ವೆಂಡೆಲ್ ತಲೆ ಮುಟ್ಟಿಕೊಂಡ. "ತಲೇಲಂತಾ ಅದು ಇರೋದು?"

"ತಮಾಷೆ ಮಾಡ್ಬೇಡ. ನನ್ನ ಜೊತೆ ಇರೋದು ಅಷ್ಟು ಬೇಜಾರಾಯ್ತಾ?"

"ನಾನು ಬೇಕು ಅಂತ ಹೋಗ್ತಿದೀನೇನೇ? ಎಷ್ಟು ದಿನ ಅಂದ್ರು?"

"ಅದನ್ನ ನೀನು ಹೇಳ್ಬೇಕು! ಏರ್ಪಾಡು ಮಾಡ್ಕೊಂಡಿರೋನು ನೀನು!"

"ಯಾರಾದ್ರೂ ತಮ್ಮ ಸಾವಿಗೆ ತಾವೇ ಏರ್ಪಾಡು ಮಾಡ್ಕೋತಾರಾ?"

"ಸಾವಾ?" ಎಂದು ಆರ್ಡಿತ್ ಎದ್ದು ನಿಂತಳು. "ಯಾರ ಸಾವು?"

"ಹಾಗಾದ್ರೆ ನೀನ್ಯಾಕೆ ಅಳ್ತಾ ಇದೀಯ?"

ಅಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ನೀಲಿ ಕೋಟಿನ ನರ್ಸೊಬ್ಬಳು, ಅವಳ ಹಿಂದೆ ರೋಲಂಡ್, ಅವನ ಹಿಂದೆ ಬೌಲಿಂಗ್ ತಂಡ, ಕೈಯಲ್ಲಿ ಇನ್ನೊಂದು ಪಾತ್ರೆ ಹಿಡಿದ ಪಾದ್ರಿಯ ಹೆಂಡತಿ. ನರ್ಸಿನ ಕಾರು ಕಂಡು ಎಲ್ಲರೂ ಧೈರ್ಯ ಹೇಳಲು ಬಂದವರು.

"ನಾನು ಇಮೋಜೆನ್, ಸಿಲ್ವರ್ ಪೆಲಿಕನ್ನಿಂದ," ಎಂದಳು ನರ್ಸು. "ಕೆಲವು ಪ್ರಶ್ನೆ ಕೇಳಬೇಕು. ರೋಗಿ ಯಾರು?"

ವೆಂಡೆಲ್ ನಿಂತ ಭಂಗಿ ನೋಡಿದರೆ ಉತ್ತರ ಬೇಕಾಗಿರಲಿಲ್ಲ. ಮೂವರು ಸೇರಿ ಅವನನ್ನು ಹಿಡಿದು ಸೋಫಾದ ಮೇಲೆ ಕೂರಿಸಿದರು. ಮಂಡಿಗೆ ಹೊದಿಕೆ ಹೊದಿಸಿದರು. ಅವನಿಗೆ ಸ್ಪೆಷಲ್ ಆರೈಕೆ ಕೈತಪ್ಪಬಾರದೆಂದು ಊರಿನವರೆಲ್ಲ ಒಂದೇ ಮನಸ್ಸಿನಿಂದ ಟೊಂಕ ಕಟ್ಟಿ ನಿಂತಿದ್ದರು.

"ಸ್ನಾನ ತಾನೇ ಮಾಡ್ಕೋತಾರಾ?" ಎಂದು ಇಮೋಜೆನ್ ಕೇಳಿದಳು.

"ಮೀನು ಹಿಡಿಯೋ ಕಾಲದಲ್ಲಿ ಇಲ್ಲವೇ ಇಲ್ಲ," ಎಂದ ರೋಲಂಡ್. "ನಾನು ಪಕ್ಕದಲ್ಲಿ ಕೂತವನು. ಪ್ರಮಾಣ ಮಾಡ್ತೀನಿ."

"ಬಟ್ಟೆ?"

"ಮದುವೆ ದಿನ ಟೈ ಕಟ್ಟಿದ್ದೇ ನನ್ನ ತಂಗಿ," ಎಂದಳು ಕೊರಿನ್ ಕುರ್ಚಿಯಿಂದ ಏಳದೆ. "ಅವತ್ತಿಂದ ಇವತ್ತಿನವರೆಗೆ ಏನೂ ಸುಧಾರಿಸಿಲ್ಲ."

"ಜ್ಞಾಪಕಶಕ್ತಿ?"

ಪಾದ್ರಿ ಗಂಟಲು ಸರಿಮಾಡಿಕೊಂಡರು. "ಪ್ರತಿ ಭಾನುವಾರ ನನ್ನ ಉಪದೇಶದ ನಡುವೆ ಪ್ರಜ್ಞೆ ತಪ್ಪುತ್ತೆ. ಗೊರಕೆ ಬೇರೆ. ನಾನು ಇಷ್ಟು ದಿನ ಅದನ್ನ ನಿದ್ದೆ ಅಂದ್ಕೊಂಡಿದ್ದೆ. ದೇವರು ನನ್ನನ್ನ ಕ್ಷಮಿಸಲಿ."

ಇಮೋಜೆನ್ ಪೆನ್ನು ಮುಚ್ಚಿದಳು. "ಸಂದೇಹವೇ ಇಲ್ಲ. ಇವರಿಗೆ ದಿನವಿಡೀ ಆರೈಕೆ ಬೇಕು. ಆದರೆ ಒಂದು ಅರ್ಥವಾಗ್ತಿಲ್ಲ. ಇವರು ಆರೈಕೆಮನೆಯಲ್ಲಿ ಅಲ್ವಾ ಇರಬೇಕಾಗಿದ್ದು? ಈ ಪ್ಲಾನ್ ಇರೋದೇ ಅಲ್ಲಿರೋರಿಗೆ. ಸಂಸ್ಥೆಯಲ್ಲಿದ್ದೀನಿ ಅಂತ ಫೋನಿನಲ್ಲಿ ಹೇಳಿದ್ದೀರಿ."

 ವೆಂಡೆಲ್‌ನ ಮುಖದಲ್ಲಿ ಏನೋ ನಿಧಾನವಾಗಿ, ಬಾವಿಯ ಆಳದಿಂದ ಬಕೆಟ್ಟು ಬಂದ ಹಾಗೆ, ಮೇಲಕ್ಕೆ ಬಂತು.

"ಸಂಸ್ಥೆಯಲ್ಲಿ ಅಲ್ಲಮ್ಮ," ಎಂದ. "ನಾನೇ ಸಂಸ್ಥೆ!"

ಇಮೋಜೆನ್ ಮತ್ತೆ ಪೆನ್ನು ತೆಗೆದು ಅದನ್ನೂ ಬರೆದುಕೊಂಡಳು. "ಈ ಭಾವನೆ ಎಷ್ಟು ದಿನದಿಂದ ಇದೆ?"

"ಹಾಗಾದ್ರೆ ನಾನು ಸಾಯ್ತಾ ಇಲ್ವಾ?"

"ಸದ್ಯಕ್ಕೆ ಹಾಗೇನೂ ಕಾಣಿಸ್ತಿಲ್ಲ."

ವೆಂಡೆಲ್ ಹೊದಿಕೆಯನ್ನು ಕಿತ್ತೆಸೆದು ಎದ್ದ. ಕೊರಿನ್ ಕೂತಿದ್ದ ಕುರ್ಚಿಯ ಬಳಿ ಹೋಗಿ, ಬಗ್ಗಿ, ಕುರ್ಚಿಯನ್ನು ಕೊರಿನ್ ಸಮೇತ ನೆಲದಿಂದ ಎತ್ತಿಬಿಟ್ಟ. ಕೊರಿನ್ ಸಣ್ಣ ಆಳಲ್ಲ. ಅವಳು ಕಿರುಚಿದ ಸದ್ದಿಗೆ ಎದುರುಮನೆಯ ನಾಯಿ ಬೊಗಳತೊಡಗಿತು. "ಬರ್ಕೊಳ್ಳಮ್ಮ!" ಎಂದು ವೆಂಡೆಲ್ ಕುರ್ಚಿಯ ಹಿಂದಿನಿಂದ ಏದುಸಿರು ಬಿಡುತ್ತಾ ಕೂಗಿದ. "ಇದನ್ನೂ ಬರ್ಕೋ!"

"ಇಳಿಸು ಅವಳನ್ನ," ಎಂದಳು ಆರ್ಡಿತ್. ಅವನು ಇಳಿಸಿದ. "ಈಗ ಹೇಳು. ನನಗೆ ತಿಳಿಸದೆ ಮೆಡಿಕೇರ್ ಬಿಟ್ಟು ಯಾವುದಕ್ಕೋ ಸೇರಿದೀಯ. ಯಾವುದಕ್ಕೆ ಸೇರಿದೆ ಅಂತ ನಿನಗೆ ಗೊತ್ತಿತ್ತಾ?"

ಊರೆಲ್ಲ ನೋಡುತ್ತಿತ್ತು. ರೋಲಂಡ್ ನೋಡುತ್ತಿದ್ದ. ಇಲ್ಲಿ ಒಂದು ಒಳ್ಳೆಯ ಸುಳ್ಳಿಗೆ ಜಾಗವಿತ್ತು. ನಾನು ಅವನಿಗಾಗಿ ಒಂದನ್ನು ಹುಡುಕುತ್ತಲೂ ಇದ್ದೆ.

"ಗೊತ್ತಿರಲಿಲ್ಲ," ಎಂದ ವೆಂಡೆಲ್. "ಒಂದಕ್ಷರಾನೂ ಅರ್ಥವಾಗಲಿಲ್ಲ ಆರ್ಡಿತ್. ಸ್ಪೆಷಲ್ ಅಂದ್ರು. ಹೂಂ ಅಂದೆ."

ಚರ್ಚಿನಲ್ಲಿ ಯಾರೋ ಕೆಟ್ಟ ಮಾತಾಡಿದ ಹಾಗೆ ಎಲ್ಲರೂ ಗರ ಬಡಿದು ನಿಂತರು. ನಮ್ಮೂರಿನಲ್ಲಿ ಈ ಮಾತನ್ನು ಇಲ್ಲಿಯವರೆಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆಮೇಲೆ ಪಾದ್ರಿ ಲಿಂಡ್‌ಕ್ವಿಸ್ಟ್ ಮೆಲ್ಲಗೆ ಹೇಳಿದರು: "ನಾನು ನನ್ನದನ್ನ ಆರಿಸಿದ್ದು ಅದರ ಚಿತ್ರದಲ್ಲಿದ್ದ ಮುದುಕ ನಮ್ಮಪ್ಪನ ಹಾಗಿದ್ದ ಅಂತ." ಅವರ ಹೆಂಡತಿ ಪಾತ್ರೆಯನ್ನು ಕೆಳಗಿಟ್ಟು ಗಂಡನನ್ನು ದುರುಗುಟ್ಟಿ ನೋಡಿದಳು. ಬೌಲಿಂಗಿನ ದೊಡ್ಡ ಆಳು, "ನಂದು ಬಂಗಾರದ ಪ್ಲಾನು. ಏನು ಬಂಗಾರ ಅಂತ ಗೊತ್ತಿಲ್ಲ," ಎಂದ. ನಾನೂ ಹೇಳಬೇಕಾಯಿತು: "ಜಾಲ ಅಂದ್ರೇನು?"

"ನಿನ್ನ ಡಾಕ್ಟರು ಪ್ಲಾನಿನ ಪಟ್ಟೀಲಿದ್ರೆ ಜಾಲದೊಳಗೆ. ಇಲ್ಲದಿದ್ರೆ ಆಚೆ. ಆಚೆ ಇದ್ರೆ ಎಷ್ಟೋ ಪ್ಲಾನು ಕೈ ಎತ್ತಿಬಿಡ್ತಾವೆ," ಎಂದಳು ಆರ್ಡಿತ್. ಹಾಗೆನ್ನುತ್ತಲೇ ಅವಳ ದೃಷ್ಟಿ ಏನೋ ಹೊಳೆದಂತೆ ರೋಲಂಡನ ಮೇಲೆ ನಿಂತಿತು. "ರೋಲಂಡ್, ಫೆಬ್ರವರಿಯಲ್ಲಿ ನಿನ್ನ ಹೃದಯದ ಕವಾಟದ ಆಪರೇಷನ್ ಅಲ್ವಾ? ಆ ಸರ್ಜನ್ ಇರೋದು ಸೇತುವೆ ಆಚೆ, ಪಕ್ಕದ ರಾಜ್ಯ ಮಿನೆಸೋಟಾದಲ್ಲಿ. ಅವರು ನಿನ್ನ ಪ್ಲಾನಿನ ಪಟ್ಟೀಲಿದಾರಾ?"

"ಇರ್ಬೇಕು. ಅಷ್ಟು ದೊಡ್ಡ ಡಾಕ್ಟರು!"

"ನೋಡಿದೀಯಾ?"

ರೋಲಂಡ್ ಬಾಯಿ ಮುಚ್ಚಿದ. ಅಕ್ಟೋಬರಿನಿಂದ ಮೊದಲ ಸಲ ಅವನ ಹಲ್ಲು ಕಾಣಿಸಲಿಲ್ಲ.

ಗಡುವಿಗೆ ಎರಡೇ ದಿನ ಉಳಿದಿತ್ತು. ಮರುದಿನ ಬೆಳಿಗ್ಗೆ ನಾನು ಚರ್ಚಿನ ವ್ಯಾನು ತೆಗೆದೆ. ಇಷ್ಟು ವರ್ಷ ಇವರ ಮಕ್ಕಳನ್ನು ಶಾಲೆಗೆ ಸಾಗಿಸಿದವನು, ಈಗ ಇವರನ್ನೇ ತುಂಬಿಕೊಂಡು ಕೌಂಟಿಯ ಹಿರಿಯರ ಸಲಹಾ ಕಚೇರಿಗೆ ಹೊರಟೆ. ಮಕ್ಕಳೇ ವಾಸಿ. ಕಿಟಕಿ ಬದಿಯ ಸೀಟಿಗೆ ಕೊರಿನ್ ಮತ್ತು ಪಾದ್ರಿ ಜಗಳವಾಡಿದರು. ರೋಲಂಡ್ ಮಾತ್ರ ಹಿಂದೆ ಒಬ್ಬನೇ ಕೂತಿದ್ದ.

ಸಲಹೆಗಾರ್ತಿಯ ಹೆಸರು ಪಾ ಹೌ ವ್ಯಾಂಗ್. ಬಾಗಿಲು ತುಂಬ ನಿಂತ ನಮ್ಮನ್ನು ಕಂಡು ಕಾಫಿ ಲೋಟ ಕೆಳಗಿಟ್ಟಳು. "ಎಲ್ಲರೂ ಒಂದೇ ಕುಟುಂಬವಾ?" ಎಂದಳು.

"ಒಂದೇ ಅಜ್ಞಾನ," ಎಂದರು ಪಾದ್ರಿ.

ಅವಳು ಮೊದಲು ರೋಲಂಡನನ್ನು ಕೂರಿಸಿಕೊಂಡಳು. ಕಂಪ್ಯೂಟರಿನಲ್ಲಿ ನೋಡಿ, ಪ್ಲಾನಿನವರಿಗೆ ಫೋನ್ ಮಾಡಿ, ಸರ್ಜನ್ನರ ಕಚೇರಿಗೂ ಫೋನ್ ಮಾಡಿದಳು. ನಾವು ಗೋಡೆಗೊರಗಿ ನಿಂತಿದ್ದೆವು. ಕೊನೆಗೆ ಅವಳು ರೋಲಂಡನ ಕಡೆ ತಿರುಗಿ, "ಈ ವರ್ಷ ಪಟ್ಟೀಲಿದ್ರು. ಜನವರಿಯಿಂದ ಇಲ್ಲ. ಪ್ಲಾನು ಆ ಆಸ್ಪತ್ರೆಯನ್ನೇ ಬಿಟ್ಟಿದೆ," ಎಂದಳು.

"ನಾನು ಫೆಬ್ರವರಿಯಲ್ಲಿ ಹೋಗಿ ಮಲಗಿದ್ದಿದ್ರೆ?"

"ಬಹುಶಃ ಮಲಗೋಕೂ ಬಿಡ್ತಿರಲಿಲ್ಲ. ಈಗಲೇ ಗೊತ್ತಾದದ್ದು ಒಳ್ಳೇದಾಯ್ತು. ಇವತ್ತೇ ಬದಲಾಯಿಸೋಣ. ಆ ಆಸ್ಪತ್ರೆ ಇರೋ ಪ್ಲಾನ್ ನಿಮ್ಮ ಕೌಂಟಿಯಲ್ಲೇ ಎರಡಿವೆ. ಈಜುಕೊಳ ಇಲ್ಲ."

"ಈಜುಕೊಳಕ್ಕೆ ಬೆಂಕಿ ಬೀಳ್ಲಿ," ಎಂದ ರೋಲಂಡ್. ಆಮೇಲೆ ಎದ್ದು ಬಂದು ವೆಂಡೆಲ್‌ನ ಎದುರು ನಿಂತ.  "ನೀನು ದಡ್ಡ ಕಣೋ," ಎಂದ, ಕಣ್ಣೊರೆಸಿಕೊಳ್ಳುತ್ತಾ. "ನಿನ್ನಂಥ ದಡ್ಡ ಈ ರಾಜ್ಯದಲ್ಲಿಲ್ಲ." ವೆಂಡೆಲ್ ಇದಕ್ಕೆ ಮೊದಲ ಸಲ ಎದುರಾಡಲಿಲ್ಲ.

ಒಬ್ಬೊಬ್ಬರದೇ ಮುಗಿದು ಕೊನೆಗೆ ವೆಂಡೆಲ್, ಆರ್ಡಿತ್ ಉಳಿದರು. ಪೂರಕ ವಿಮೆಯನ್ನು ಇನ್ನೂ ರದ್ದು ಮಾಡಿಲ್ಲದ್ದರಿಂದ ಅನಾಹುತ ತಪ್ಪಿತು, ಇಲ್ಲದಿದ್ದರೆ ಅದು ಮತ್ತೆ ಸಿಗುವುದು ಕಷ್ಟವಿತ್ತು ಎಂದು ಹೇಳಿ, ಸಲಹೆಗಾರ್ತಿ ಪೆಲಿಕನ್ನಿಗೆ ಫೋನ್ ಮಾಡಿ ಸೇರ್ಪಡೆ ಬಿಡಿಸಿದಳು. "ಬಂದದ್ದೇ ಬಂದಿರಿ, ಔಷಧಿಯ ವಿಮೆಯನ್ನೂ ನೋಡಿಬಿಡ್ತೀನಿ," ಎಂದಳು. "ವೆಂಡೆಲ್, ನೀವು ಯಾವ ಮಾತ್ರೆ ತಗೋತೀರಿ?"

ವೆಂಡೆಲ್ ಆರ್ಡಿತ್‌ನ ನೋಡಿದ. ಆರ್ಡಿತ್ ನಿಟ್ಟುಸಿರುಬಿಟ್ಟು ಒಂದೊಂದಾಗಿ ಹೇಳಿದಳು. ರಕ್ತದೊತ್ತಡದ್ದು, ಕೊಬ್ಬಿನದು, ಎರಡರ ಹೆಸರು, ಅಳತೆ, ಹೊತ್ತು.

"ಡಾಕ್ಟರು?" ಅದನ್ನೂ ಆರ್ಡಿತ್ ಹೇಳಿದಳು. ಗೋಡೆ ಬಳಿ ಕೊರಿನ್, "ಹೇಳಿರಲಿಲ್ವಾ ನಾನು?" ಎಂದು ಗೊಣಗಿದಳು.

"ಸರಿ, ಇನ್ನು ನಿಮ್ಮದು ಆರ್ಡಿತ್."

ಆರ್ಡಿತ್ ಬಾಯಿ ತೆರೆಯುವಷ್ಟರಲ್ಲಿ ವೆಂಡೆಲ್ ಶುರುಮಾಡಿದ್ದ.

"ಥೈರಾಯ್ಡ್ ಮಾತ್ರೆ, ಬೆಳಿಗ್ಗೆ ಕಾಫಿಗೆ ಮುಂಚೆ. ಕಾಫಿ ಕುಡಿದುಬಿಟ್ರೆ ಆ ದಿನವೆಲ್ಲ ಸಿಡುಕ್ತಾಳೆ. ಕಣ್ಣಿಗೆ ಹನಿ, ಎರಡೂ ಕಣ್ಣಿಗೆ, ಆದರೆ ಬಲಗಣ್ಣಿಗೆ ಹಾಕ್ಕೊಂಡಾಗ ಉರಿಯುತ್ತೆ, ಅದನ್ನ ಡಾಕ್ಟರಿಗೆ ಹೇಳಿಲ್ಲ. ಕಣ್ಣಿನ ಡಾಕ್ಟರು ಲಕ್ರಾಸ್‌ನಲ್ಲಿ, ಕೆಂಪು ಕೂದಲಿನೋರು. ಹಳದಿ ಬಣ್ಣದ ನೋವಿನ ಮಾತ್ರೆ ಅವಳಿಗೆ ಆಗಲ್ಲ, ಮೈಯೆಲ್ಲ ದದ್ದು ಏಳುತ್ತೆ. ಆಮೇಲೆ ಮೊಣಕಾಲು. ಎಡಗಾಲು."

ಆರ್ಡಿತ್ ಅವನ ಕಡೆ ತಿರುಗಿ ಕೂತಿದ್ದಳು. ಅವಳ ಅಂಥ ಮುಖವನ್ನು ನಾನು ಅಷ್ಟು ವರ್ಷದಲ್ಲಿ ನೋಡಿರಲಿಲ್ಲ. ಗಂಡ ಆರೈಕೆಮನೆಗೆ ಹೋಗುತ್ತಾನೆ ಎಂದಾಗಲೂ ಅವಳು ಇಷ್ಟು ಬೆಚ್ಚಿಬಿದ್ದಿರಲಿಲ್ಲ.

"ಬಲ," ಎಂದಳು ಕಡೆಗೂ. "ನೋಯೋದು ಬಲಗಾಲು."

"ಬಲಗಾಲು ಅಂತ ನೀನು ಡಾಕ್ಟರಿಗೆ ಹೇಳ್ತೀಯ," ಎಂದ ವೆಂಡೆಲ್. "ನಿದ್ದೇಲಿ ನೀನು ಉಜ್ಕೊಳ್ಳೋದು ಎಡಗಾಲು."

ಸಲಹೆಗಾರ್ತಿ ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡು ಆರ್ಡಿತ್‌ನ ಮುಖ ನೋಡುತ್ತಾ ಕಾದಳು. ಆರ್ಡಿತ್‌ನ ಕೈ ತಾನಾಗಿ ಹೋಗಿ ಎಡ ಮೊಣಕಾಲನ್ನು ಮುಟ್ಟಿತು, ಮೆಲ್ಲಗೆ ಒತ್ತಿ ನೋಡಿತು.

"ಎಡ ಅಂತಲೇ ಬರ್ಕೊಳ್ಳಿ," ಎಂದಳು.